ಪಿನ್ನಿನ ತುದಿಯಲ್ಲಿ ಹತ್ತು ವೋಲ್ಟ್

ಮಳೆ ಆಗಷ್ಟೇ ನಿಂತಿತ್ತು. ಕರೆಂಟ್ ಎರಡು ಸಲ ಹೋಗಿ ಬಂದಿತ್ತು. ಸಂಜೆ ಏಳೂವರೆ ಹೊತ್ತಿಗೆ ರೇಡಿಯೊ ಕೋಣೆಗೆ ಹೋಗಿ ಲೀನಿಯರ್‌ನ ಸ್ವಿಚ್ ಒತ್ತಿದೆ. ಫ್ಯಾನ್ ತಿರುಗಿತು. ಜಾಲರಿಯ ಹಿಂದೆ ಎರಡು ವಾಲ್ವ್ (ಹಳೇ ರೇಡಿಯೊಗಳಲ್ಲಿದ್ದಂಥ ಗಾಜಿನ ನಿರ್ವಾತ ಕೊಳವೆ) ಹೊತ್ತಿಕೊಳ್ಳಬೇಕಿತ್ತು, ಒಂದೇ ಹೊತ್ತಿಕೊಂಡಿತು. ಇನ್ನೊಂದು ಕಪ್ಪಗೆ ಕೂತಿತ್ತು. ಸ್ವಿಚ್ ಆರಿಸಿ ಮತ್ತೆ ಹಾಕಿದೆ. ಜಾಲರಿಯನ್ನು ಬೆರಳಲ್ಲಿ ತಟ್ಟಿದೆ. ಹಳೇ ಟಿವಿಗೆ ಅಪ್ಪ ಹೊಡೆಯುತ್ತಿದ್ದ ಹಾಗೆ ಪಕ್ಕಕ್ಕೊಂದು ಪೆಟ್ಟು ಕೊಟ್ಟೂ ನೋಡಿದೆ. ಏನೂ ಆಗಲಿಲ್ಲ.

ಹ್ಯಾಮ್ ರೇಡಿಯೊ ಗೊತ್ತಿಲ್ಲದವರಿಗೆ ಎರಡು ಮಾತು. ಲೈಸೆನ್ಸ್ ಪಡೆದು, ಹವ್ಯಾಸಕ್ಕೆ ರೇಡಿಯೊದಲ್ಲಿ ದೂರದವರ ಜೊತೆ ಮಾತಾಡುವುದು ಇದು. ನಮ್ಮ ಸಾಮಾನ್ಯ ಟ್ರಾನ್ಸೀವರ್ (ಕಳಿಸುವುದು, ಕೇಳುವುದು ಎರಡೂ ಮಾಡುವ ರೇಡಿಯೊ) 100 ವಾಟ್ ಕೊಡುತ್ತದೆ. ಅದು ಸಾಲದು ಅನ್ನಿಸಿದಾಗ ಆಂಟೆನಾಕ್ಕೆ ಹೋಗುವ ದಾರಿಯಲ್ಲಿ ಇನ್ನೊಂದು ಪೆಟ್ಟಿಗೆ ಇಡುತ್ತೇವೆ. ಅದೇ ಪವರ್ ಆಂಪ್ಲಿಫಯರ್, ನಮ್ಮ ಬಾಯಲ್ಲಿ ಲೀನಿಯರ್. ನಮ್ಮ ದೇಶದಲ್ಲಿ ಜನರಲ್ ಗ್ರೇಡ್ ಲೈಸೆನ್ಸ್‌ನವರಿಗೆ 400 ವಾಟ್ ಮಿತಿ ಇದೆ, ಹಾಗಾಗಿ ಅಮೆರಿಕದವರ ಹಾಗೆ ಕಿಲೋವಾಟ್‌ಗಟ್ಟಲೆ ಆಸೆ ಪಡುವ ಹಾಗಿಲ್ಲ. ಅದಕ್ಕೆ ಎರಡು 813 ವಾಲ್ವ್ ಧಾರಾಳ ಸಾಕು.

813 ಅಂದರೆ ನನಗೆ ಸ್ವಲ್ಪ ಮೋಹ. ಅಮೆರಿಕದ ಆರ್‌ಸಿಎ ಕಂಪನಿ ಎರಡನೇ ಮಹಾಯುದ್ಧಕ್ಕೆ ಮುಂಚೆಯೇ ತಂದ ವಾಲ್ವ್ ಇದು. ಯುದ್ಧದಲ್ಲಿ ಅವರ ವಿಮಾನಗಳ ಎಆರ್‌ಟಿ-13 ಟ್ರಾನ್ಸ್‌ಮಿಟರ್‌ನಲ್ಲಿ ಇದೇ ಕೂತಿತ್ತು. ಬ್ರಿಟಿಷ್ ಸೇನೆ ಇದನ್ನು ಸಿವಿ26 ಅಂತ ಕರೆಯಿತು. ರಷ್ಯದವರು ಜಿಯು-13 ಅಂತ, ಚೀನಾದವರು ಎಫ್‌ಯು-13 ಅಂತ ತಮ್ಮದೇ ರೂಪ ಮಾಡಿಕೊಂಡರು. ಯುದ್ಧ ಮುಗಿದ ಮೇಲೆ ಸೇನೆಯ ಸರ್ಪ್ಲಸ್ ಮಾಲು ಊರೂರು ಸುತ್ತಿತು. ನನ್ನವು ಬೆಂಗಳೂರಿನ ಸಂಡೇ ಬಜಾರ್‌ನಲ್ಲಿ ಸಿಕ್ಕಿದ್ದು. ಬೆಳಿಗ್ಗೆ ಆರಕ್ಕೆ ಹೋದರೆ ಹಳೇ ಬೀಗ, ಒಂಟಿ ಚಪ್ಪಲಿ, ಗ್ರೈಂಡರ್ ಮೋಟರ್‌ಗಳ ಮಧ್ಯೆ ಒಮ್ಮೊಮ್ಮೆ ಇಂಥದ್ದೂ ಕಣ್ಣಿಗೆ ಬೀಳುತ್ತದೆ. ಮಾರುವವನು ಅದನ್ನು "ದೊಡ್ಡ ಬಲ್ಬು" ಅಂದಿದ್ದ. ಆ ಮಾತು ನನ್ನನ್ನು ಒಂದು ವರ್ಷ ದಾರಿ ತಪ್ಪಿಸಿತು.

ಯಾಕೆಂದರೆ ನಾನೂ ಅದನ್ನು ಬಲ್ಬ್ ಅಂತಲೇ ಅಂದುಕೊಂಡೆ. ಮನೆಯ ಹಳೇ ಬಲ್ಬ್ ಯಾವಾಗ ಹೋಗುತ್ತಿತ್ತು? ಸ್ವಿಚ್ ಹಾಕಿದ ಕ್ಷಣಕ್ಕೆ, ಟಪ್ ಅಂತ. ಉರಿಯುತ್ತಾ ಉರಿಯುತ್ತಾ ಹೋಗಿದ್ದು ಕಡಿಮೆ. ನನ್ನ ವಾಲ್ವೂ ಸ್ವಿಚ್ ಹಾಕಿದಾಗಲೇ ಹೋಗಿತ್ತು. ಮೀಟರ್ ಹಿಡಿದೆ, ಫಿಲಮೆಂಟ್ (ಒಳಗೆ ಕಾಯುವ ತಂತಿ) ಓಪನ್, ಅಂದರೆ ಕರೆಂಟ್ ಹರಿಯುತ್ತಿಲ್ಲ. 813ರ ತಂತಿ ಆನೋಡ್ ಅನ್ನುವ ಕವಚದ ಒಳಗೆ ಮುಚ್ಚಿಕೊಂಡಿರುತ್ತದೆ. ಗಾಜಿಗೆ ಕಣ್ಣಿಟ್ಟು ನೋಡಿದರೂ ತುಂಡಾಗಿದೆಯೋ ಇಲ್ಲವೋ ತಿಳಿಯುವುದಿಲ್ಲ. ಮೀಟರ್ ಹೇಳಿದ ಮೇಲೆ ಮುಗಿಯಿತಲ್ಲ ಅಂತ ವಾಲ್ವನ್ನು ಪೇಪರಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟೆ. ಬಿಸಾಡಲು ಮನಸ್ಸು ಬರಲಿಲ್ಲ. ಆ ಜಿಪುಣತನವೇ ಮುಂದೆ ಕೈಹಿಡಿಯಿತು.

ಸತ್ತದ್ದರ ಜಾಗಕ್ಕೆ ಸ್ಪೇರ್ ಹಾಕಿ, ಆಮೇಲೆ ಲೆಕ್ಕಕ್ಕೆ ಕೂತೆ. 813ರ ಫಿಲಮೆಂಟ್‌ಗೆ 10 ವೋಲ್ಟ್, 5 ಆಂಪಿಯರ್. ಅಂದರೆ ಕಾದಾಗ ಅದರ ರೆಸಿಸ್ಟೆನ್ಸ್ 2 ಓಮ್. ಟಂಗ್‌ಸ್ಟನ್ ತಣ್ಣಗಿರುವಾಗ ರೆಸಿಸ್ಟೆನ್ಸ್ ಹೆಚ್ಚು ಕಡಿಮೆ ಹತ್ತನೇ ಒಂದು ಭಾಗ. ಅಲ್ಲಿಗೆ 0.2 ಓಮ್. ಹತ್ತು ವೋಲ್ಟನ್ನು ನೇರವಾಗಿ ಅದರ ಮೇಲೆ ಹಾಕಿದರೆ ಮೊದಲ ಕ್ಷಣ 50 ಆಂಪಿಯರ್! ಟ್ರಾನ್ಸ್‌ಫಾರ್ಮರ್ ಅಷ್ಟು ಕೊಡುವುದಿಲ್ಲ ಅನ್ನಿ, ಅದರ ಸುರುಳಿಗಳ ರೆಸಿಸ್ಟೆನ್ಸೇ ಅಡ್ಡ ಬರುತ್ತದೆ. ಆದರೂ 5ಕ್ಕಿಂತ ಎಷ್ಟೋ ಪಟ್ಟು ಹರಿಯುತ್ತದೆ. ತಂತಿ ತೆಳುವಾಗಿರುವ ಕಡೆ ಬೇಗ ಕಾಯುತ್ತದೆ. ಅಕ್ಕಪಕ್ಕದ ಎಳೆಗಳು ಒಂದನ್ನೊಂದು ಎಳೆದು ತಳ್ಳಿ ಮಾಡುತ್ತವೆ. ಇದೇ ಕಾರಣ ಅಂತ ತೀರ್ಮಾನಿಸಿದೆ. ತೀರ್ಮಾನಕ್ಕೆ ಬರುವುದರಲ್ಲಿ ನಾನು ಬಲು ಚುರುಕು.

ಪರಿಹಾರ ಎಲ್ಲರಿಗೂ ಗೊತ್ತಿರುವುದೇ, ಸಾಫ್ಟ್ ಸ್ಟಾರ್ಟ್. ಫಿಲಮೆಂಟ್ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿಗೆ (ಕರೆಂಟ್ ಒಳಬರುವ ಸುರುಳಿಗೆ) ಒಂದು ರೆಸಿಸ್ಟರ್ ಸೀರೀಸ್‌ನಲ್ಲಿ ಹಾಕುವುದು, ತಂತಿ ಕಾದ ಮೇಲೆ ರಿಲೇಯಿಂದ (ಕರೆಂಟಿನಿಂದ ನಡೆಯುವ ಸ್ವಿಚ್ಚಿನಿಂದ) ಅದನ್ನು ಶಾರ್ಟ್ ಮಾಡುವುದು. ಟಿವಿ ರಿಪೇರಿ ಅಂಗಡಿಗಳಲ್ಲಿ ಸೀರೀಸ್ ಬಲ್ಬ್ ಬೋರ್ಡ್ ನೋಡಿರುತ್ತೀರಲ್ಲ, ಅದೇ ಜಾತಿ. ಎರಡು 813ಕ್ಕೆ ಸೇರಿ 100 ವಾಟ್ ಬೇಕು, ಸರಿಯಾಗಿ ಒಂದು ನೂರರ ಬಲ್ಬಿನಷ್ಟು. 230 ವೋಲ್ಟ್ ಕಡೆಯಿಂದ ನೋಡಿದರೆ ಕಾದಾಗ 529 ಓಮ್, ತಣ್ಣಗಿದ್ದಾಗ ಐವತ್ತರ ಆಸುಪಾಸು. 150 ಓಮಿನ, 25 ವಾಟಿನ ವೈರ್‌ವೂಂಡ್ ರೆಸಿಸ್ಟರ್ ಎಸ್‌.ಪಿ. ರೋಡಿನಿಂದ ತಂದೆ. ಅದನ್ನು ಹಾಕಿದರೆ ಮೊದಲ ಏಟು ಪ್ರೈಮರಿಯಲ್ಲಿ ಸುಮಾರು 1.1 ಆಂಪಿಯರ್. ಹಾಕದಿದ್ದರೆ ಲೆಕ್ಕದ ಪ್ರಕಾರ 4.3.

ರಿಲೇಗೆ ಟೈಮರ್ ಯಾಕೆ ಅಂತ ಒಂದು ಬುದ್ಧಿವಂತಿಕೆ ಮಾಡಿದೆ. 230 ವೋಲ್ಟಿನ ಎಸಿ ರಿಲೇ ತಂದು ಅದರ ಕಾಯಿಲನ್ನು ರೆಸಿಸ್ಟರ್ ದಾಟಿದ ಮೇಲೆ, ಪ್ರೈಮರಿಗೆ ಅಡ್ಡಲಾಗಿ ಕಟ್ಟಿದೆ. ತಂತಿ ತಣ್ಣಗಿರುವಾಗ ಅಲ್ಲಿ 60 ವೋಲ್ಟ್ ಅಷ್ಟೇ, ರಿಲೇ ಸುಮ್ನೆ ಇರುತ್ತದೆ. ತಂತಿ ಕಾಯುತ್ತಾ ಹೋದ ಹಾಗೆ ವೋಲ್ಟೇಜ್ ಏರಿ 170–180ಕ್ಕೆ ಬರುತ್ತದೆ, ರಿಲೇ ತಾನೇ ಕಚ್ಚಿಕೊಳ್ಳುತ್ತದೆ. ಕಾದಿದೆಯೋ ಇಲ್ಲವೋ ಅಂತ ಫಿಲಮೆಂಟೇ ಹೇಳಿದ ಹಾಗೆ! ಎರಡು ವಾರ ಬಂದವರಿಗೆಲ್ಲ ತೋರಿಸಿ ಬೀಗಿದೆ. ಮೂರನೇ ವಾರ ಒಂದು ಸಂಜೆ ಲೈನ್ ವೋಲ್ಟೇಜ್ 205ಕ್ಕೆ ಇಳಿದಿತ್ತು. ರಿಲೇ ಪೂರ್ತಿ ಕಚ್ಚಲೂ ಇಲ್ಲ, ಬಿಡಲೂ ಇಲ್ಲ. ಮಳೆಗಾಲದ ಜೀರುಂಡೆ ಹಾಗೆ ಕಿರ್ ಅನ್ನುತ್ತಾ ಕೂತಿತು. ನಾನು ಆಚೆ ಕಾಫಿ ಕುಡಿಯುತ್ತಿದ್ದೆ. ವಾಸನೆ ಬಂದಾಗ ಓಡಿದರೆ ರೆಸಿಸ್ಟರ್ ಕೆಳಗಿನ ಬೋರ್ಡ್ ಕಂದು ಬಣ್ಣಕ್ಕೆ ತಿರುಗಿತ್ತು.

ಆಮೇಲೆ ಮರ್ಯಾದೆಯಾಗಿ 24 ವೋಲ್ಟಿನ ಡಿಸಿ ರಿಲೇ, ಮೂರು ಸೆಕೆಂಡಿನ ಟೈಮರ್, ಅದರ ಜೊತೆ ಒಂದು ಥರ್ಮಲ್ ಫ್ಯೂಸ್ ಹಾಕಿದೆ. ಟೈಮರ್‌ನ ಕೆಪಾಸಿಟರ್ ಬೇಗ ಖಾಲಿಯಾಗುವ ಏರ್ಪಾಡೂ ಬೇಕು. ಇಲ್ಲದಿದ್ದರೆ ಕರೆಂಟ್ ಐದು ಸೆಕೆಂಡ್ ಹೋಗಿ ಬಂದಾಗ ಕೆಪಾಸಿಟರ್ ತುಂಬಿಕೊಂಡೇ ಇದ್ದು ರಿಲೇ ತಕ್ಷಣ ಕಚ್ಚಿಬಿಡುತ್ತದೆ. ಇಷ್ಟೆಲ್ಲ ಯಾಕೆ, ಒಂದು ಎನ್‌ಟಿಸಿ ಥರ್ಮಿಸ್ಟರ್ (ಕಾದ ಹಾಗೆ ರೆಸಿಸ್ಟೆನ್ಸ್ ಇಳಿಯುವ ಬಿಲ್ಲೆ) ಹಾಕಿದರೆ ಮುಗಿಯಿತು ಅನ್ನುವವರಿದ್ದಾರೆ. ಅದರದ್ದೂ ಇದೇ ತಾಪತ್ರಯ. ವಾಲ್ವಿನ ತಂತಿ ಕೆಲವೇ ಸೆಕೆಂಡಿನಲ್ಲಿ ತಣ್ಣಗಾಗುತ್ತದೆ, ಆ ಕಪ್ಪು ಬಿಲ್ಲೆ ತಣ್ಣಗಾಗಲು ಒಂದು ನಿಮಿಷವಾದರೂ ಬೇಕು. ನಡುವೆ ಕರೆಂಟ್ ಬಂದರೆ ಅದು ಇದ್ದೂ ಇಲ್ಲದ ಹಾಗೆ. ಪದೇ ಪದೇ ಕರೆಂಟ್ ಹೋಗಿ ಬರುವ ನಮ್ಮ ಕಡೆ ನನಗೆ ಅದರ ಮೇಲೆ ಭರವಸೆ ಇಲ್ಲ.

ಇಷ್ಟೆಲ್ಲ ಕಾವಲು ಹಾಕಿ ನಾಲ್ಕು ತಿಂಗಳಾಗಿತ್ತು. ಒಂದು ಭಾನುವಾರ ಬೆಳಿಗ್ಗೆ ಇನ್ನೊಂದು ವಾಲ್ವ್ ಕಪ್ಪಗಾಯಿತು. ಅದೂ ಸ್ವಿಚ್ ಹಾಕಿದಾಗ ಅಲ್ಲ. 40 ಮೀಟರ್ ಬ್ಯಾಂಡಿನಲ್ಲಿ ಗೆಳೆಯರ ಜೊತೆ ಮಾತಾಡುತ್ತಾ ಅರ್ಧ ಗಂಟೆ ಆದ ಮೇಲೆ.

ಲೀನಿಯರ್ ಬೈಪಾಸ್ ಮಾಡಿ, ಬರೀ ನೂರು ವಾಟಿನಲ್ಲಿ ನನ್ನ ಗೋಳು ಹೇಳಿಕೊಂಡೆ. ಮೈಸೂರಿನಿಂದ ಒಬ್ಬ ಹಿರಿಯರು ಕೇಳಿಸಿಕೊಳ್ಳುತ್ತಿದ್ದರು. ನಾವೆಲ್ಲ ಅವರನ್ನು ಮೇಷ್ಟ್ರು ಅನ್ನುತ್ತೇವೆ, ಅವರು ಪಾಠ ಹೇಳಿದ್ದು ಮೋರ್ಸ್ ಕೋಡ್ ಮಾತ್ರ. ಕೆಲಸ ಮಾಡಿದ್ದು ಜಾಲಹಳ್ಳಿಯ ಬಿಇಎಲ್‌ನಲ್ಲಿ, ಅಲ್ಲಿ ವಾಲ್ವ್ ತಯಾರಾಗುತ್ತಿದ್ದ ಕಾಲದಲ್ಲಿ.

"ಪಿನ್ ನೋಡಿದೆಯೇನಪ್ಪಾ?" ಅಂದರು.

"ನೋಡಿದೆ ಸಾರ್, ಮೀಟರ್ ಹಿಡಿದೆ. ಓಪನ್."

"ಮೀಟರ್ ಹಿಡಿದದ್ದು ಪಿನ್ನಿಗೆ. ನಾನು ಕೇಳಿದ್ದು ಪಿನ್ನನ್ನು ನೋಡಿದೆಯಾ ಅಂತ. ಮುಂದಿನ ವಾರ ಮಗಳ ಮನೆಗೆ ಬರ್ತೀನಿ. ಬಿಸಾಡಬೇಡ."

ಬಂದರು. ಜೇಬಿನಿಂದ ಒಂದು ಭೂತಗನ್ನಡಿ ತೆಗೆದರು. 813ರ ಬುಡದಲ್ಲಿ ಏಳು ದಪ್ಪ ಪಿನ್ನುಗಳು, ಒಳಗೆ ಟೊಳ್ಳು. ಗಾಜಿನಿಂದ ಬರುವ ತಂತಿ ಪ್ರತಿ ಪಿನ್ನಿನೊಳಗೆ ಇಳಿದು ತುದಿಯಲ್ಲಿ ಬೆಸುಗೆಯಾಗಿರುತ್ತದೆ. ಫಿಲಮೆಂಟ್ ಇರುವುದು 1 ಮತ್ತು 7ರಲ್ಲಿ. "ಇಲ್ನೋಡು" ಅಂದರು. ಉಳಿದ ಪಿನ್ನುಗಳ ತುದಿಯಲ್ಲಿ ಬೆಸುಗೆ ಹೊಳೆಯುವ ಹನಿಯ ಹಾಗಿತ್ತು. 7ನೇ ಪಿನ್ನಿನದು ಬೂದು ಬಣ್ಣಕ್ಕೆ ತಿರುಗಿ, ನಡುವೆ ತಂತಿಯ ಸುತ್ತ ಕೂದಲೆಳೆಯ ಉಂಗುರದ ಹಾಗೆ ಬಿರುಕು ಬಿಟ್ಟಿತ್ತು. ಪಿನ್ನಿನ ಪಕ್ಕದ ಲೋಹ ನೀಲಿಯಾಗಿತ್ತು, ದೋಸೆ ಕಾವಲಿಯ ಅಂಚು ಕಾದು ಬಣ್ಣ ತಿರುಗುವ ಹಾಗೆ.

"ಫಿಲಮೆಂಟ್ ಹೋಗಿಲ್ಲ ಮಾರಾಯ, ಡ್ರೈ ಸೋಲ್ಡರ್."

ಪಿನ್ನಿನ ತುದಿಯನ್ನು ಚಾಕುವಿನಿಂದ ಕೆರೆದೆವು. ಪೇಸ್ಟ್ ಹಚ್ಚಿ, ದೊಡ್ಡ ಐರನ್ ಇಟ್ಟು ಹಳೇ ಬೆಸುಗೆ ಕರಗಿಸಿ ಹೊರಗೆ ಉದುರಿಸಿ, ಹೊಸ ಲೆಡ್ ತುಂಬಿದೆವು. ಅವಸರ ಮಾಡಬೇಡ, ಗಾಜಿಗೆ ಒಮ್ಮೆಗೇ ಬಿಸಿ ತಾಗಿದರೆ ಸೀಳುತ್ತದೆ ಅಂತ ಎರಡು ಸಲ ಹೇಳಿದರು. ತಣ್ಣಗಾದ ಮೇಲೆ ಹತ್ತು ವೋಲ್ಟ್ ಕೊಟ್ಟೆವು. ಮೊದಲು ಕೆಂಪು, ಎರಡು ಸೆಕೆಂಡಿನಲ್ಲಿ ಹಳದಿ ಬೆಳಕು ಆನೋಡ್‌ನ ಸಂದುಗಳಿಂದ ಇಣುಕಿತು. ನಾನು ಮಾತಾಡದೆ ಅಟ್ಟ ಹತ್ತಿ ಮೊದಲು ಸತ್ತಿದ್ದನ್ನೂ ಇಳಿಸಿಕೊಂಡು ಬಂದೆ. ಅದರದ್ದು 1ನೇ ಪಿನ್ನು. ಅದೂ ಹೊತ್ತಿಕೊಂಡಿತು.

ಆಗ ಕಾಫಿ ಕುಡಿಯುತ್ತಾ ಮೇಷ್ಟ್ರು ಹೇಳಿದ್ದನ್ನು, ಆಮೇಲೆ ನಾನು ಓದಿಕೊಂಡದ್ದನ್ನು ಸೇರಿಸಿ ಬರೆಯುತ್ತೇನೆ. ಬಲ್ಬನ್ನು ನೋಡಿ ವಾಲ್ವ್ ಬಗ್ಗೆ ತಿಳಿದುಕೊಳ್ಳಲು ಹೋದದ್ದೇ ನನ್ನ ತಪ್ಪು. ಬಲ್ಬಿನ ಕೆಲಸ ಬೆಳಕು ಕೊಡುವುದು. ಅದಕ್ಕೆ ತಂತಿಯನ್ನು 2,700 ಕೆಲ್ವಿನ್ ದಾಟಿ ಕಾಯಿಸುತ್ತಾರೆ. ಆ ಬಿಸಿಗೆ ಟಂಗ್‌ಸ್ಟನ್ ಆವಿಯಾಗುತ್ತಾ ಸವೆಯುತ್ತದೆ. ಎಲ್ಲೋ ಒಂದು ಕಡೆ ತೀರಾ ತೆಳುವಾಗಿ, ಸ್ವಿಚ್ ಹಾಕಿದ ಏಟಿಗೆ ಅಲ್ಲೇ ಕಡಿದುಹೋಗುತ್ತದೆ. ಸ್ವಿಚ್ ಕೊನೆಯ ಪೆಟ್ಟು ಅಷ್ಟೇ, ರೋಗ ಹಳೆಯದು. 813, 3-500ಝಡ್, 572ಬಿ ತರದ ಟ್ರಾನ್ಸ್‌ಮಿಟರ್ ವಾಲ್ವ್‌ಗಳ ತಂತಿ ಓಡುವುದು 2,000 ಕೆಲ್ವಿನ್ ಹತ್ತಿರದಲ್ಲಿ. ಅಲ್ಲಿ ಟಂಗ್‌ಸ್ಟನ್ ಆವಿಯಾಗುವುದು ಲೆಕ್ಕಕ್ಕೇ ಬರದಷ್ಟು ಕಡಿಮೆ. ಬಲ್ಬಿನ ಹಾಗೆ ಸವೆಯುವುದೇ ಇಲ್ಲ ಅಂದಮೇಲೆ ಬಲ್ಬಿನ ಹಾಗೆ ಸಾಯುವುದಾದರೂ ಯಾಕೆ?

ಅಷ್ಟು ಕಡಿಮೆ ಬಿಸಿಯಲ್ಲಿ ಎಲೆಕ್ಟ್ರಾನ್ ಹೊರಬರುವುದಕ್ಕೆ ಕಾರಣ ಥೋರಿಯಂ. ಇದರ ಕತೆ ಚೆನ್ನಾಗಿದೆ. ಬಲ್ಬಿನ ತಂತಿಯಲ್ಲಿ ಹರಳುಗಳು ದೊಡ್ಡದಾಗಿ ಬೆಳೆದು ಅದು ಬೇಗ ಮುರಿಯುತ್ತಿತ್ತು. ಅದನ್ನು ತಡೆಯಲು ಟಂಗ್‌ಸ್ಟನ್‌ಗೆ ಒಂದೆರಡು ಪರ್ಸೆಂಟ್ ಥೋರಿಯಂ ಆಕ್ಸೈಡ್ ಬೆರೆಸುತ್ತಿದ್ದರು. ಜನರಲ್ ಎಲೆಕ್ಟ್ರಿಕ್‌ನ ಪ್ರಯೋಗಾಲಯದಲ್ಲಿ ಅರ್ವಿಂಗ್ ಲ್ಯಾಂಗ್ಮ್ಯೂರ್ ಇಂಥ ತಂತಿಗಳಿಂದ ಎಲೆಕ್ಟ್ರಾನ್‌ಗಳು ಅಷ್ಟೊಂದು ಸಲೀಸಾಗಿ ಹೊರಡುವುದನ್ನು ಗಮನಿಸಿದರು. ಮೇಲ್ಮೈಗೆ ಬಂದು ಕೂತ ತೆಳು ಥೋರಿಯಂ ಪದರ ಆ ಕೆಲಸ ಮಾಡುತ್ತಿತ್ತು. ಆ ಪದರ ಹಾರಿಹೋಗದ ಹಾಗೆ ಮುಂದೆ ತಂತಿಯ ಹೊರಮೈಯನ್ನು ಕಾರ್ಬನ್ ಜೊತೆ ಬೆಸೆದು ಟಂಗ್‌ಸ್ಟನ್ ಕಾರ್ಬೈಡ್ ಮಾಡುವ ರೂಢಿ ಬಂತು. ಈ ಕಾರ್ಬೈಡ್ ಇರುವ ತನಕ ವಾಲ್ವಿಗೆ ಆಯಸ್ಸು. ಅದು ತೀರಿದ ದಿನ ತಂತಿ ಚೆನ್ನಾಗಿಯೇ ಉರಿಯುತ್ತಿರುತ್ತದೆ, ಎಲೆಕ್ಟ್ರಾನ್ ಮಾತ್ರ ಬರುವುದಿಲ್ಲ. ಎಮಿಷನ್ ಹೋಯಿತು ಅನ್ನುವುದು ಇದಕ್ಕೇ.

ಹಾಗಾದರೆ ಕಾರ್ಬನ್ ಬೇಗ ತೀರುವುದು ಯಾವಾಗ? ಫಿಲಮೆಂಟ್ ವೋಲ್ಟೇಜ್ ಜಾಸ್ತಿ ಆದಾಗ. ದೊಡ್ಡ ವಾಲ್ವ್ ತಯಾರಿಸುವ ಐಮ್ಯಾಕ್ ಕಂಪನಿ ಕೊಡುವ ಲೆಕ್ಕ ಹೀಗಿದೆ: ವೋಲ್ಟೇಜ್ 3 ಪರ್ಸೆಂಟ್ ಏರಿದರೆ ತಂತಿ 20 ಕೆಲ್ವಿನ್ ಹೆಚ್ಚು ಕಾಯುತ್ತದೆ, ಎಮಿಷನ್ 20 ಪರ್ಸೆಂಟ್ ಹೆಚ್ಚುತ್ತದೆ, ಆಯಸ್ಸು ಅರ್ಧಕ್ಕೆ ಇಳಿಯುತ್ತದೆ. ಬರೀ 3 ಪರ್ಸೆಂಟ್! ಹತ್ತು ವೋಲ್ಟಿಗೆ 0.3. ನಾನು ಒಂದು ವರ್ಷ ಸ್ವಿಚ್ ಹಾಕುವ ಮೂರು ಸೆಕೆಂಡಿಗೆ ಕಾವಲು ಕಟ್ಟುತ್ತಾ ಕೂತಿದ್ದೆ. ಪಿನ್ನಿನ ತುದಿಯಲ್ಲಿ ಎಷ್ಟು ವೋಲ್ಟ್ ಇದೆ ಅಂತ ಒಮ್ಮೆಯೂ ಅಳೆದಿರಲಿಲ್ಲ. ಟ್ರಾನ್ಸ್‌ಫಾರ್ಮರ್ ಮೇಲೆ "10ವಿ" ಅಂತ ಬರೆದಿತ್ತು, ನಂಬಿದ್ದೆ.

ಮೇಷ್ಟ್ರ ಎದುರಿಗೇ ಅಳೆದೆವು. ಎಚ್‌ಟಿ (ಹೈ ಟೆನ್ಷನ್, ಆನೋಡ್‌ಗೆ ಹೋಗುವ ದೊಡ್ಡ ವೋಲ್ಟೇಜ್) ಪ್ಲಗ್ ಕಿತ್ತು, ಕೆಪಾಸಿಟರ್‌ಗಳನ್ನು ಡಿಸ್ಚಾರ್ಜ್ ಮಾಡಿ, ವಾಲ್ವಿನ ತಲೆಯ ಕ್ಯಾಪ್ ತೆಗೆದಿಟ್ಟ ಮೇಲೆ. ಆ ಕ್ಯಾಪಿನಲ್ಲಿ 2,000 ವೋಲ್ಟ್ ಓಡಾಡುತ್ತದೆ, ಅದರ ಹತ್ತಿರ ಧೈರ್ಯ ತೋರಿಸಬಾರದು. ಮೀಟರ್ ಟ್ರೂ ಆರ್‌ಎಂಎಸ್ ಆಗಿರಬೇಕು, ಅಂದರೆ ಅಲೆಯ ಆಕಾರ ಹೇಗಿದ್ದರೂ ಸರಿಯಾಗಿ ಅಳೆಯುವಂಥದ್ದು. ಅದರಲ್ಲೂ ಮನೆಯಲ್ಲಿ ಹಳೇ ಸಿವಿಟಿ (ವೋಲ್ಟೇಜನ್ನು ಒಂದೇ ಮಟ್ಟದಲ್ಲಿಡುವ ಟ್ರಾನ್ಸ್‌ಫಾರ್ಮರ್) ಇದ್ದು ಅದರಿಂದ ಲೀನಿಯರ್ ಓಡಿಸುವವರು ಇದನ್ನು ಮರೆಯಬಾರದು. ಸಿವಿಟಿಯಿಂದ ಬರುವ ಅಲೆಯ ತಲೆ ಚಪ್ಪಟೆ, ಸಾದಾ ಮೀಟರ್ ಅಲ್ಲಿ ಸರಿಯಾಗಿ ಹೇಳುವುದಿಲ್ಲ. ಲೈನ್ 228 ಇತ್ತು. ಟ್ರಾನ್ಸ್‌ಫಾರ್ಮರ್ ತುದಿಯಲ್ಲಿ 10.1. ಫಿಲಮೆಂಟ್ ಚೋಕ್ ದಾಟಿದ ಮೇಲೆ 9.65. ಒಂದು ವಾಲ್ವಿನ ಪಿನ್ನಿನಲ್ಲಿ 9.4, ಇನ್ನೊಂದರಲ್ಲಿ 9.1.

ಒಂದು ವೋಲ್ಟ್ ದಾರಿಯಲ್ಲೇ ಮಾಯ. ಅರ್ಧದಷ್ಟು ತಿಂದದ್ದು ಚೋಕ್. ನನ್ನ ತರದ ಗ್ರೌಂಡೆಡ್ ಗ್ರಿಡ್ ಲೀನಿಯರ್‌ನಲ್ಲಿ ಸಿಗ್ನಲ್ ಫಿಲಮೆಂಟ್ ಮೂಲಕವೇ ಒಳಗೆ ಹೋಗುತ್ತದೆ. ಅದು ಟ್ರಾನ್ಸ್‌ಫಾರ್ಮರ್ ಕಡೆ ಸೋರದಂತೆ ಫೆರೈಟ್ ರಾಡ್ ಮೇಲೆ ಎರಡು ತಂತಿ ಜೋಡಿಸಿ ಸುತ್ತಿರುತ್ತೇವೆ. ಹತ್ತು ಆಂಪಿಯರ್ ಹರಿಯುವ ಆ ಜಾಗಕ್ಕೆ ನಾನು ಕೈಗೆ ಸಿಕ್ಕ 18 ಗೇಜ್ ತಂತಿ ಸುತ್ತಿದ್ದೆ. ಅದನ್ನು ಬಿಚ್ಚಿ 14 ಗೇಜ್ ಸುತ್ತಿದೆ. ದಪ್ಪ ತಂತಿ, ಬೆರಳು ಬೊಬ್ಬೆ ಬಂತು, ಆದರೆ ನಷ್ಟ 0.16ಕ್ಕೆ ಇಳಿಯಿತು.

ಉಳಿದದ್ದು ಸಾಕೆಟ್. ಕೊಲೆಗಾರ ಇದೇ. ಸಡಿಲವಾದ ಸಾಕೆಟ್‌ನ ಹಿಡಿತದಲ್ಲಿ 0.05 ಓಮ್ ಇದ್ದರೂ 5 ಆಂಪಿಯರಿಗೆ ಕಾಲು ವೋಲ್ಟ್ ಹೋಗುತ್ತದೆ. ಅಷ್ಟೇ ಆಗಿದ್ದರೆ ಪರವಾಗಿಲ್ಲ. ಒಂದೂಕಾಲು ವಾಟ್ ಬಿಸಿ ಬೇರೆಲ್ಲೂ ಅಲ್ಲ, ಆ ಪಿನ್ನಿನ ತುದಿಯಲ್ಲೇ ಹುಟ್ಟುತ್ತದೆ. ಕಾಯುತ್ತದೆ, ತಣ್ಣಗಾಗುತ್ತದೆ. ಹಿಗ್ಗುತ್ತದೆ, ಕುಗ್ಗುತ್ತದೆ. ಬೆಸುಗೆ ಬಿರುಕು ಬಿಡುತ್ತದೆ. ಬಿರುಕಿನಿಂದ ಇನ್ನಷ್ಟು ಬಿಸಿ. 3-500ಝಡ್ ಇಟ್ಟುಕೊಂಡವರಿಗೆ ಇದು ಇನ್ನೂ ಹತ್ತಿರದ ಕತೆ. ಅದರ ಫಿಲಮೆಂಟ್ 5 ವೋಲ್ಟ್, ಹದಿನಾಲ್ಕೂವರೆ ಆಂಪಿಯರ್ ಚಿಲ್ಲರೆ. ಅಷ್ಟು ಕರೆಂಟಿಗೆ 0.02 ಓಮ್ ಇದ್ದರೂ ನಾಲ್ಕು ವಾಟ್ ಬಿಸಿ. ಆ ವಾಲ್ವಿನ ಪಿನ್ನುಗಳಲ್ಲಿ ಬೆಸುಗೆ ಕರಗಿ ಹೋಗುವುದು ಎಲ್ಲ ದೇಶದ ಹ್ಯಾಮ್‌ಗಳಿಗೂ ಗೊತ್ತಿರುವ ಕಾಯಿಲೆ. ಎಷ್ಟು ಜನ ನನ್ನ ಹಾಗೆ ಒಳ್ಳೇ ವಾಲ್ವನ್ನು ಪೇಪರಿನಲ್ಲಿ ಸುತ್ತಿಟ್ಟರೋ, ಬಿಸಾಡಿದರೋ!

ಅದಕ್ಕೇ ಬುಡಕ್ಕೆ ಗಾಳಿ ಬೇಕು. ನಾನು ಫ್ಯಾನನ್ನು ಗಾಜಿನ ಮೇಲೆ ಬೀಸುವ ಹಾಗೆ ಇಟ್ಟಿದ್ದೆ, ನೋಡಲು ಚೆಂದ ಅಂತ. ಈಗ ಕೆಳಗಿನಿಂದ, ಸಾಕೆಟ್ ಸುತ್ತ ಬೀಸುತ್ತದೆ. ಆರಿಸಿದ ಮೇಲೂ ಐದು ನಿಮಿಷ ಓಡುತ್ತದೆ.

ಸಾಕೆಟ್‌ನ ಹಿಡಿತಗಳನ್ನು ಉಜ್ಜಿ, ಮೂಗಿಕ್ಕಳದಿಂದ ಬಿಗಿ ಮಾಡಿದೆ. ಪಿನ್ನಿನಲ್ಲಿ 9.85 ಬಂತು. ಗೆದ್ದೆ ಅಂದುಕೊಂಡೆ. ರಾತ್ರಿ ಹನ್ನೊಂದಕ್ಕೆ ಮತ್ತೆ ನೋಡಿದರೆ 10.58. ಊರೆಲ್ಲ ಮಲಗಿ ಲೋಡ್ ಇಳಿದು, ಲೈನ್ 245ಕ್ಕೆ ಏರಿತ್ತು. ಹತ್ತಕ್ಕೆ ಹೋಲಿಸಿದರೆ ಸುಮಾರು 6 ಪರ್ಸೆಂಟ್ ಹೆಚ್ಚು. ಐಮ್ಯಾಕ್ ಲೆಕ್ಕದಲ್ಲಿ ಆಯಸ್ಸು ಕಾಲು ಭಾಗ. ನಾನು ಯುರೋಪ್ ಹಿಡಿಯಲು ಲೀನಿಯರ್ ಹಾಕುವುದೇ ರಾತ್ರಿ. ಮೊದಲಿದ್ದ ಸಡಿಲ ಸಾಕೆಟ್ಟು, ತೆಳು ಚೋಕು ನನಗೆ ಗೊತ್ತಿಲ್ಲದ ಹಾಗೆ ರಾತ್ರಿಯ ಹೆಚ್ಚು ವೋಲ್ಟೇಜನ್ನು ನುಂಗಿಕೊಂಡಿದ್ದವು! ಒಂದು ತಪ್ಪನ್ನು ತಿದ್ದಿದರೆ ಅದು ಮುಚ್ಚಿಟ್ಟಿದ್ದ ಇನ್ನೊಂದು ಎದ್ದು ಬಂತು.

ಈ ಸಲ ಬುದ್ಧಿವಂತಿಕೆ ಮಾಡಲಿಲ್ಲ. ಫಿಲಮೆಂಟ್ ಟ್ರಾನ್ಸ್‌ಫಾರ್ಮರ್‌ಗೆ ಮಾತ್ರ ಒಂದು ಚಿಕ್ಕ ವೇರಿಯಾಕ್ (ಗುಂಡಿ ತಿರುಗಿಸಿ ವೋಲ್ಟೇಜ್ ಏರಿಸಿ ಇಳಿಸುವ ಟ್ರಾನ್ಸ್‌ಫಾರ್ಮರ್) ಹಾಕಿದೆ. ನೂರು ವಾಟಿಗೆ ಒಂದು ಆಂಪಿಯರಿನದು ಸಾಕು. ಮುಂದೆ ಒಂದು ಮೀಟರ್ ಇಟ್ಟೆ. ಹಳೇ ಮೂವಿಂಗ್ ಐರನ್ ಮುಳ್ಳಿನ ಮೀಟರ್, ಅದು ಹುಟ್ಟಾ ಆರ್‌ಎಂಎಸ್ ತೋರಿಸುವ ಜಾತಿ. ಪಿನ್ನಿಗೇ ನೇರವಾಗಿ ಕಟ್ಟುವ ಹಾಗಿಲ್ಲ, ಅಲ್ಲಿ ರೇಡಿಯೊ ಸಿಗ್ನಲ್ ಇರುತ್ತದೆ. ಹಾಗಾಗಿ ಚೋಕ್‌ಗೆ ಮುಂಚೆ ಕಟ್ಟಿ, ಕಾಲು ವೋಲ್ಟ್ ವ್ಯತ್ಯಾಸ ಸೇರಿಸಿ, ಗಾಜಿನ ಮೇಲೆ ಕೆಂಪು ನೇಲ್ ಪಾಲಿಶ್‌ನಲ್ಲಿ ಗೆರೆ ಎಳೆದೆ. ನೇಲ್ ಪಾಲಿಶ್ ಮಗಳದ್ದು. ಕೇಳಿರಲಿಲ್ಲ.

ಗೆರೆ ಎಲ್ಲಿ ಅನ್ನುವುದಕ್ಕೂ ಒಂದು ಕ್ರಮವಿದೆ. ಬ್ರಾಡ್‌ಕಾಸ್ಟ್ ಸ್ಟೇಷನ್‌ನವರು ಮಾಡುವುದು ಅದನ್ನೇ. ಫುಲ್ ಪವರ್‌ನಲ್ಲಿಟ್ಟು ಫಿಲಮೆಂಟ್ ವೋಲ್ಟೇಜನ್ನು ನಿಧಾನವಾಗಿ ಇಳಿಸುತ್ತಾ ಹೋಗಬೇಕು. ಔಟ್‌ಪುಟ್ ಬೀಳಲು ಶುರುವಾದ ಕಡೆ ನಿಲ್ಲಿಸಿ ಸ್ವಲ್ಪ ಮೇಲಕ್ಕೆ ಬರಬೇಕು. ನನ್ನವು 9.3ರಲ್ಲಿ ಜಗ್ಗಿದವು. 9.6ಕ್ಕೆ ಇಟ್ಟಿದ್ದೇನೆ. ಇನ್ನೂ ಇಳಿಸಿ ಉಳಿಸೋಣ ಅನ್ನುವ ಆಸೆ ಕೆಟ್ಟದ್ದು. ತಂತಿಗೆ ಬಿಸಿ ಸಾಲದಿದ್ದರೆ ಮೇಲ್ಮೈಗೆ ಥೋರಿಯಂ ಬರುವುದೂ ಕಡಿಮೆಯಾಗುತ್ತದೆ, ನಿಮ್ಮ ಮಾತೂ ಗೊಗ್ಗರಾಗಿ ಪಕ್ಕದ ಸ್ಟೇಷನ್ ಮೇಲೆ ಚೆಲ್ಲುತ್ತದೆ.

ಒಂದು ಎಚ್ಚರಿಕೆ. ಇದೆಲ್ಲ ಥೋರಿಯಂ ತಂತಿಯ ವಾಲ್ವ್‌ಗಳಿಗೆ ಮಾತ್ರ. 4ಸಿಎಕ್ಸ್250ಬಿ, 8877, ರಷ್ಯದ ಜಿಯು-74ಬಿ ತರದವು ಬೇರೆ ಕುಲ. ಅವುಗಳಲ್ಲಿ ಹೀಟರ್ ಬೇರೆ, ಆಕ್ಸೈಡ್ ಬಳಿದ ಕ್ಯಾಥೋಡ್ ಬೇರೆ. ಅಲ್ಲಿ ಕಾಯುವ ಹೊತ್ತೇ ಮುಖ್ಯ. 8877ಕ್ಕೆ ಮೂರು ನಿಮಿಷ ಕಾಯದೆ ಕೆಲಸಕ್ಕೆ ಎಳೆದರೆ ಕ್ಯಾಥೋಡ್ ಹಾಳು. 813ಕ್ಕೆ ಆ ತಾಳ್ಮೆ ಬೇಕಿಲ್ಲ, ಎರಡು ಸೆಕೆಂಡಿನಲ್ಲಿ ತಯಾರು.

ಹಾಗಾದರೆ ನನ್ನ ಸಾಫ್ಟ್ ಸ್ಟಾರ್ಟ್ ದಂಡವೇ? ಹ್ಯಾಮ್‌ಗಳ ನಡುವೆ ಇದು ಮುಗಿಯದ ಜಗಳ. ಹೀತ್‌ಕಿಟ್ ಕಂಪನಿಯ ಎಸ್‌ಬಿ-220 ಲೀನಿಯರ್ ಎರಡು 3-500ಝಡ್ ಇಟ್ಟುಕೊಂಡು, ಸಾಫ್ಟ್ ಸ್ಟಾರ್ಟ್ ಇಲ್ಲದೆಯೇ ದಶಕಗಟ್ಟಲೆ ಓಡಿದೆ. ಸಾಧಾರಣ ಟ್ರಾನ್ಸ್‌ಫಾರ್ಮರ್ ತಾನೇ ಕರೆಂಟಿಗೆ ಕಡಿವಾಣ ಹಾಕುತ್ತದೆ ಅನ್ನುವ ವಾದದಲ್ಲಿ ಹುರುಳಿದೆ. ದೊಡ್ಡ ಟ್ರಾನ್ಸ್‌ಮಿಟರ್ ವಾಲ್ವ್‌ಗಳ ಮಾತು ಬೇರೆ, ಅಲ್ಲಿ ತಯಾರಕರೇ ಮೊದಲ ಕರೆಂಟಿಗೆ ಮಿತಿ ಹಾಕುತ್ತಾರೆ. ನನ್ನದನ್ನು ನಾನು ತೆಗೆದಿಲ್ಲ. ಮಾಡಾಗಿದೆ, ಇರಲಿ. ವೇರಿಯಾಕನ್ನು ಸೊನ್ನೆಗೆ ತರಲು ಮರೆತ ದಿನ ಕರೆಂಟ್ ಹೋಗಿ ಬಂದರೆ ಅದೊಂದು ಗೋಡೆ. ಆದರೆ ಹೊಸಬರು ಬಂದು "ಸಾರ್, ಮೊದಲು ಯಾವ ಸಾಫ್ಟ್ ಸ್ಟಾರ್ಟ್ ಹಾಕಲಿ" ಅಂದರೆ, ಪಿನ್ನಿನಲ್ಲಿ ಎಷ್ಟಿದೆ ಅಂತ ವಾಪಸ್ ಕೇಳುತ್ತೇನೆ. ಇಲ್ಲಿಯವರೆಗೆ ಯಾರೂ ಅಳೆದುಕೊಂಡು ಬಂದಿಲ್ಲ. ದಿನಕ್ಕೆ ಒಂದು ಗಂಟೆ ಓಡಿಸುವ ಹ್ಯಾಮ್‌ಗೆ ಹತ್ತು ಸಾವಿರ ಗಂಟೆಯ ಆಯಸ್ಸು ಅಂದರೂ 27 ವರ್ಷ. ನಮ್ಮ ಕೈಯಲ್ಲಿ ವಾಲ್ವ್ ಮುದಿಯಾಗಿ ಸಾಯುವುದು ಅಪರೂಪ.

ನನ್ನ ಹತ್ತಿರ ನಿಜವಾಗಿ ಸತ್ತ 813 ಒಂದೇ ಇದೆ. ಅದನ್ನು ಕೊಂದದ್ದು ಸ್ವಿಚ್ ಹಾಕಿದ ಕ್ಷಣದ ಕರೆಂಟೂ ಅಲ್ಲ, ಸಾಕೆಟ್ಟೂ ಅಲ್ಲ. ಗೆಳೆಯರೆಲ್ಲ ದೇವರಾಯನದುರ್ಗದ ಮೇಲೆ ಒಂದು ದಿನ ಸ್ಟೇಷನ್ ಹಾಕೋಣ ಅಂದರು. ಜನರೇಟರ್ ಇತ್ತು. ವಾಲ್ವ್‌ಗಳನ್ನು ಸಾಕೆಟ್‌ನಲ್ಲೇ ಬಿಟ್ಟು ಲೀನಿಯರ್ ಅನ್ನು ಕಾರಿನ ಡಿಕ್ಕಿಯಲ್ಲಿ ಅಡ್ಡ ಮಲಗಿಸಿದೆ. ಕಾರ್ಬೈಡ್ ಮಾಡಿದ ತಂತಿ ತಣ್ಣಗಿರುವಾಗ ಹಪ್ಪಳದ ಹಾಗೆ, ಬಾಗುವುದಿಲ್ಲ, ಮುರಿಯುತ್ತದೆ. ದಾರಿಯಲ್ಲಿ ಎಷ್ಟು ಹಂಪ್ ಇದ್ದವು ಅಂತ ಆ ರಸ್ತೆಯಲ್ಲಿ ಓಡಾಡಿದವರನ್ನು ಕೇಳಿ. ಬೆಟ್ಟದ ಮೇಲೆ ಸ್ವಿಚ್ ಹಾಕಿದಾಗ ಮತ್ತದೇ ಒಂಟಿ ದೀಪ. ಮನೆಗೆ ಬಂದು ಭರವಸೆಯಿಂದ ಪಿನ್ನು ಬೆಸೆದೆ. ಮೀಟರ್ ಅಲ್ಲಾಡಲಿಲ್ಲ. ವಾಲ್ವನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದರೆ ಒಳಗೆ ಸಣ್ಣಗೆ ಚಿಣ್ ಅನ್ನುತ್ತದೆ. ಮೇಷ್ಟ್ರಿಗೆ ಹೇಳಿದೆ. "ಡಿಕ್ಕಿಯಲ್ಲಿ ಮಲಗಿಸಿದೆಯಾ?" ಅಂದರು, ಅಷ್ಟೇ. ಆಮೇಲೆ ಆಂಟೆನಾ ವಿಷಯ ತೆಗೆದರು.

ಈಗ ಎರಡು ಒಳ್ಳೆಯವು ಲೀನಿಯರ್‌ನಲ್ಲಿವೆ. ಅಟ್ಟದ ಮೇಲೆ ಇನ್ನೊಂದು ಸ್ಪೇರ್ ಇದೆ, ನೆಟ್ಟಗೆ ನಿಲ್ಲಿಸಿ, ಸುತ್ತ ಸ್ಪಂಜ್ ತುಂಬಿ. ಆರು ತಿಂಗಳಿಗೊಮ್ಮೆ ಅದನ್ನು ಇಳಿಸಿ, ಎಚ್‌ಟಿ ಕೊಡದೆ ಬರೀ ಫಿಲಮೆಂಟ್ ಹಚ್ಚಿ ಎರಡು ಮೂರು ಗಂಟೆ ಬಿಡುತ್ತೇನೆ, ಒಳಗೆ ಸೇರಿದ ಗಾಳಿಯ ಪಸೆ ಹೀರಲಿ ಅಂತ.

ತೊಂದರೆ ಇರುವುದು ಎರಡನೇ ಸಾಕೆಟ್‌ನದು. ಮೂಗಿಕ್ಕಳದಿಂದ ಎಷ್ಟು ಸಲ ಬಿಗಿ ಮಾಡಿದರೂ 7ನೇ ಪಿನ್ನಿನ ಹಿಡಿತ ತಿಂಗಳೊಪ್ಪತ್ತಿನಲ್ಲಿ ಮತ್ತೆ ಸಡಿಲ. ಹೋದ ವಾರ ಅಳೆದಾಗ ಅಲ್ಲಿ 0.2 ವೋಲ್ಟ್ ಬೀಳುತ್ತಿತ್ತು. ಸಂಡೇ ಬಜಾರ್‌ನಲ್ಲಿ ನಾಲ್ಕು ವಾರದಿಂದ ಹುಡುಕುತ್ತಿದ್ದೇನೆ, ಬೇಕಲೈಟಿನವು ಸಿಕ್ಕವು, ಬೇಡ. 813ರ ಏಳು ಪಿನ್ನಿನ ಪಿಂಗಾಣಿ ಸಾಕೆಟ್, ಹಿಡಿತ ಇನ್ನೂ ಗಟ್ಟಿ ಇರುವುದು, ನಿಮ್ಮಲ್ಲಿ ಯಾರ ಅಟ್ಟದ ಮೇಲಾದರೂ ಇದ್ದರೆ ದಯವಿಟ್ಟು ತಿಳಿಸಿ. ದುಡ್ಡು ಕೊಡುತ್ತೇನೆ, ಬೇಡ ಅಂದರೆ ಬದಲಿಗೆ 14 ಗೇಜ್ ತಂತಿಯಲ್ಲಿ ಒಂದು ಚೋಕ್ ಸುತ್ತಿಕೊಡುತ್ತೇನೆ.